ಸನ್ ಯಾತ್-ಸೆನ್ ಹೆಂಡತಿ ಅಂತಷ್ಟೇ ಬರೆದರೆ ಸಾಕಾ?

ಪ್ರಶ್ನೆ: ನನ್ನ ಮಗಳು ಬಿ.ಎ.ಯಲ್ಲಿ ಇತಿಹಾಸ ಓದುತ್ತಿದ್ದಾಳೆ. ಸೆಮಿನಾರ್‌ಗೆ ಚೀನಾದ ಸೂಂಗ್ ಚಿಂಗ್-ಲಿಂಗ್ ಬಗ್ಗೆ ಬರೆಯಬೇಕು ಅಂತ ಹೊರಟಿದ್ದಾಳೆ. "ಅವರು ಸನ್ ಯಾತ್-ಸೆನ್ ಹೆಂಡತಿ ಅಷ್ಟೇ, ನಾಯಕಿ ಏನಲ್ಲ" ಅಂತ ಕ್ಲಾಸಿನಲ್ಲಿ ಕೆಲವರು ಹೇಳಿದರಂತೆ. ಅವರ ತಂಗಿ ಕಮ್ಯುನಿಸ್ಟರ ಎದುರಾಳಿ ಚಿಯಾಂಗ್ ಕೈ-ಶೆಕ್ ಹೆಂಡತಿ. ಚಿಂಗ್-ಲಿಂಗ್ ಮಾತ್ರ ಕಮ್ಯುನಿಸ್ಟ್ ಸರ್ಕಾರದಲ್ಲಿ ಉಪಾಧ್ಯಕ್ಷೆ. ಅವರು ನಿಜವಾಗಿ ನಾಯಕಿಯೋ, ಎಲ್ಲರೂ ಬಳಸಿಕೊಂಡ ಒಂದು ದೊಡ್ಡ ಹೆಸರೋ? ಕೈದಿಗಳ ಹಕ್ಕಿಗಾಗಿ ಹೋರಾಡಿದವರು 1949ರ ನಂತರ ಯಾಕೆ ಸುಮ್ಮನಾದರು? ಭಾರತಕ್ಕೂ ಅವರಿಗೂ ಏನಾದರೂ ನಂಟಿದೆಯೇ?
(ಓದುಗರೊಬ್ಬರು, ದಾವಣಗೆರೆ)

ಉತ್ತರ: ನಿಮ್ಮ ಮಗಳು ಒಳ್ಳೆಯ ವಿಷಯವನ್ನೇ ಹಿಡಿದಿದ್ದಾಳೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಚಿಂಗ್-ಲಿಂಗ್ ನಾಯಕಿಯೇ. ಆದರೆ ಅವರು ಕೂತ ಕುರ್ಚಿಗಳ ಪಟ್ಟಿ ನೋಡಿದರೆ ಅದು ಗೊತ್ತಾಗುವುದಿಲ್ಲ. 1927ರಿಂದ 1949ರವರೆಗೆ ಅವರ ಹಿಂದೆ ಸೈನ್ಯ ಇರಲಿಲ್ಲ, ಅವರ ಮಾತು ಕೇಳುವ ಪಕ್ಷ ಇರಲಿಲ್ಲ. ಇದ್ದದ್ದು ಗಂಡ ಸನ್ ಯಾತ್-ಸೆನ್ ಹೆಸರು. ಅವರು ಚೀನಾದ ರಾಜಮನೆತನವನ್ನು ಉರುಳಿಸಿದ ಕ್ರಾಂತಿಯ ನಾಯಕ, ರಾಷ್ಟ್ರಪಿತ ಅನ್ನಿಸಿಕೊಂಡವರು. ಆ ಹೆಸರು ಎಲ್ಲರಿಗೂ ಬೇಕಿತ್ತು. ಅದನ್ನು ಯಾರಿಗೆ ಕೊಡಬೇಕು, ಯಾರಿಗೆ ಕೊಡಬಾರದು ಅಂತ ತೀರ್ಮಾನ ಮಾಡಿದ್ದು ಅವರೇ. ಆ 22 ವರ್ಷ ಅವರು ಮಾಡಿದ ರಾಜಕೀಯ ಅದು. ಅದಕ್ಕೆ ಅವರು ತೆತ್ತ ಬೆಲೆಯೂ ಸಣ್ಣದಲ್ಲ.

1949ರ ನಂತರದ ಪ್ರಶ್ನೆ ಕಷ್ಟದ್ದು. ಅದಕ್ಕೂ ಬರುತ್ತೇನೆ.

ಹುಟ್ಟಿದ್ದು 1893ರ ಜನವರಿ 27ರಂದು, ಶಾಂಘೈಯಲ್ಲಿ. ತಂದೆ ಚಾರ್ಲಿ ಸೂಂಗ್ ಮೂಲತಃ ಹೈನಾನ್ ದ್ವೀಪದವರು. ಹುಡುಗನಾಗಿದ್ದಾಗಲೇ ಅಮೆರಿಕ ಸೇರಿ, ಅಲ್ಲಿ ಕ್ರೈಸ್ತರಾಗಿ, ಪಾದ್ರಿಯಾಗಿ ಊರಿಗೆ ಬಂದರು. ಆಮೇಲೆ ಬೈಬಲ್ ಅಚ್ಚು ಹಾಕಿ, ವ್ಯಾಪಾರ ಮಾಡಿ ಶ್ರೀಮಂತರಾದರು. ಆ ದುಡ್ಡಿನಲ್ಲಿ ಒಂದಷ್ಟು ಸನ್ ಯಾತ್-ಸೆನ್ ಅವರ ಕ್ರಾಂತಿಗೂ ಹೋಯಿತು. ಅಕ್ಕ ಐ-ಲಿಂಗ್, ತಂಗಿ ಮೇ-ಲಿಂಗ್, ಮೂವರು ಗಂಡುಮಕ್ಕಳು. ಮೂವರು ಹೆಣ್ಣುಮಕ್ಕಳೂ ಓದಿದ್ದು ಅಮೆರಿಕದ ಜಾರ್ಜಿಯಾ ರಾಜ್ಯದ ಮೇಕನ್ ಊರಿನ ವೆಸ್ಲಿಯನ್ ಕಾಲೇಜಿನಲ್ಲಿ. (ಮೇ-ಲಿಂಗ್ ಕೊನೆಯ ವರ್ಷಗಳಿಗೆ ಬೇರೆ ಕಾಲೇಜಿಗೆ ಹೋದರು.) 1911ರಲ್ಲಿ ಚೀನಾದಲ್ಲಿ ಕ್ರಾಂತಿಯಾಗಿ, ಮುಂದಿನ ವರ್ಷ ರಾಜಮನೆತನವೇ ಬಿದ್ದುಹೋಯಿತು. ಆಗ ಚಿಂಗ್-ಲಿಂಗ್ ಕಾಲೇಜಿನ ಪತ್ರಿಕೆಗೆ ಒಂದು ಲೇಖನ ಬರೆದರು. ಇಪ್ಪತ್ತನೇ ಶತಮಾನದ ಅತಿದೊಡ್ಡ ಘಟನೆ ಅಂದರೆ ಇದೇ ಅಂತ ಅದರ ವಾದ. ಆಗ ಅವರಿಗೆ 19 ವರ್ಷ.

1913ರಲ್ಲಿ ಓದು ಮುಗಿಸಿ ಹೊರಟವರು ನೇರ ಜಪಾನಿಗೆ ಬಂದರು. ಕ್ರಾಂತಿ ಕೈತಪ್ಪಿಹೋಗಿ ಸನ್ ಅಲ್ಲಿ ತಲೆಮರೆಸಿಕೊಂಡಿದ್ದರು. ಅವರ ಇಂಗ್ಲಿಷ್ ಪತ್ರ ವ್ಯವಹಾರವನ್ನು ಅಕ್ಕ ಐ-ಲಿಂಗ್ ನೋಡಿಕೊಳ್ಳುತ್ತಿದ್ದರು. ಅಕ್ಕನ ಮದುವೆಯಾದ ಮೇಲೆ ಆ ಕೆಲಸ ತಂಗಿಗೆ ಬಂತು. ಒಂದೇ ವರ್ಷದಲ್ಲಿ ಸನ್ ಅವರನ್ನೇ ಮದುವೆಯಾಗುತ್ತೇನೆ ಅಂತ ಹಟ ಹಿಡಿದರು. ಸನ್ ಆಗಲೇ ಮದುವೆಯಾದವರು, ದೊಡ್ಡ ಮಕ್ಕಳಿದ್ದವರು, ವಯಸ್ಸಿನಲ್ಲಿ 26 ವರ್ಷ ಹಿರಿಯರು, ಸಾಲದ್ದಕ್ಕೆ ಅಪ್ಪನ ಗೆಳೆಯರು. ಶಾಂಘೈಯ ಮನೆಯಲ್ಲಿ ಅಪ್ಪ ಅಮ್ಮ ಕೂಡಿ ಹಾಕಿದರು. ಕೆಲಸದಾಕೆಯ ಸಹಾಯದಿಂದ ಕಿಟಕಿ ಹಾರಿ ಓಡಿಬಂದೆ ಅಂತ ಮುಂದೆ ಅವರೇ ಪತ್ರಕರ್ತ ಎಡ್ಗರ್ ಸ್ನೋಗೆ ಹೇಳಿದ್ದಾರೆ. 1915ರ ಅಕ್ಟೋಬರ್ 25ರಂದು ಟೋಕಿಯೋದಲ್ಲಿ ಮದುವೆಯಾಯಿತು.

ಇದನ್ನು ಬರೀ ಪ್ರೇಮಕಥೆ ಅಂತ ಹೇಳುವವರು ಜಾಸ್ತಿ. ಆದರೆ ಈ ಹುಡುಗಿಗೆ ಬೇಕಿದ್ದದ್ದು ಕ್ರಾಂತಿಯಲ್ಲಿ ಒಂದು ಕೆಲಸ. ಆ ಕಾಲದಲ್ಲಿ ಒಂದು ಹೆಣ್ಣಿಗೆ ಕ್ರಾಂತಿಯ ಒಳಮನೆಗೆ ಹೋಗಲು ಇದ್ದ ಬಾಗಿಲುಗಳು ಬಹಳ ಕಡಿಮೆ. ಅದನ್ನೂ ಲೆಕ್ಕಕ್ಕೆ ತಗೊಳ್ಳಬೇಕು ಅಲ್ವಾ?

ಅವರು ಎಂಥವರು ಅಂತ ಗೊತ್ತಾಗಬೇಕಾದರೆ 1922ರ ಜೂನ್ 16ರ ರಾತ್ರಿಯನ್ನು ನೋಡಬೇಕು. ಆಗ ಸನ್ ಗ್ವಾಂಗ್‌ಝೌನಲ್ಲಿ, ಅಂದರೆ ಹಳೆಯ ಕ್ಯಾಂಟನ್‌ನಲ್ಲಿ, ಸರ್ಕಾರ ನಡೆಸುತ್ತಿದ್ದರು. ಅವರದೇ ಸೇನಾನಿ ಚೆನ್ ಜಿಯೊಂಗ್‌ಮಿಂಗ್ ತಿರುಗಿಬಿದ್ದ. ರಾತ್ರಿ ಎರಡು ಗಂಟೆ ಸುಮಾರಿಗೆ ಸನ್ ಹೆಂಡತಿಯನ್ನು ಎಬ್ಬಿಸಿ, ದಾಳಿ ಆಗುತ್ತದೆ, ಈಗಲೇ ಹೊರಡಬೇಕು ಅಂದರು. ನಾನು ಜೊತೆಗಿದ್ದರೆ ನಿಮಗೆ ತೊಡಕು, ನೀವು ಮೊದಲು ಹೋಗಿ ಅಂತ ಚಿಂಗ್-ಲಿಂಗ್ ಒತ್ತಾಯ ಮಾಡಿದರು. ಸನ್ ತಮ್ಮ ಕಾವಲಿನ ಸುಮಾರು 50 ಸೈನಿಕರನ್ನೂ ಮನೆಯಲ್ಲೇ ಬಿಟ್ಟು ಹೊರಟರು. ಅರ್ಧ ಗಂಟೆಯಲ್ಲಿ ಗುಂಡಿನ ಸದ್ದು ಶುರುವಾಯಿತು.

ಮುಂದಿನದನ್ನು ಅವರೇ ಬರೆದಿಟ್ಟಿದ್ದಾರೆ. ಮನೆ ಇದ್ದದ್ದು ಗುಡ್ಡದ ನಡುವೆ. ಶತ್ರುಗಳು ಮೇಲಿನಿಂದ ಗುಂಡು ಹಾರಿಸುತ್ತಿದ್ದರು. ಬೆಳಗ್ಗೆ ಎಂಟರ ಹೊತ್ತಿಗೆ ಇವರ ಕಡೆ ಮದ್ದುಗುಂಡು ಮುಗಿಯುತ್ತ ಬಂತು. ಮನೆಯಿಂದ ಅಧ್ಯಕ್ಷರ ಕಚೇರಿಗೆ ಬೀದಿಗಳ ಮೇಲೆ ಹಾದುಹೋಗುವ ಸೇತುವೆಯಂಥ ಒಂದು ಓಣಿ ಇತ್ತು. ಅದರಲ್ಲಿ ತೆವಳಿಕೊಂಡು ದಾಟಿದರು. ಸಂಜೆ ನಾಲ್ಕರ ಸುಮಾರಿಗೆ ಕಚೇರಿಯ ಬಾಗಿಲೂ ಮುರಿಯಿತು. ಒಳಗೆ ನುಗ್ಗಿದ ಸೈನಿಕರ ಕಣ್ಣು ಲೂಟಿಯ ಮೇಲಿತ್ತು. ಚಿಂಗ್-ಲಿಂಗ್ ಗಂಡನ ಮಳೆಕೋಟು ಹಾಕಿ, ತಲೆಗೆ ಒಂದು ಟೋಪಿ ಎಳೆದುಕೊಂಡು ಆ ಗುಂಪಿನ ನಡುವೆಯೇ ಹೊರಗೆ ಬಂದರು. ಒಂದು ಕಡೆ ಮಾಡಿನ ಕೆಳಗೆ ಇಬ್ಬರು ಎದುರುಬದುರಾಗಿ ಕುಕ್ಕರಗಾಲಲ್ಲಿ ಕೂತಿದ್ದರು. ಇಬ್ಬರ ಕಣ್ಣೂ ತೆರೆದಿತ್ತು. ಸತ್ತಿದ್ದಾರೆ ಅಂತ ಆಮೇಲೆ ಗೊತ್ತಾಯಿತು. ಸೈನಿಕರ ಇನ್ನೊಂದು ಗುಂಪು ಎದುರಾದಾಗ ಇವರು ಹೆಣಗಳಂತೆ ನೆಲದ ಮೇಲೆ ಮಲಗಿಬಿಟ್ಟರು. ಕೊನೆಗೆ ಒಂದು ರೈತನ ಮನೆ ಸೇರಿದರು. ಮನೆಯವನು ಹೆದರಿ ಹೊರಗೆ ಹಾಕಲು ನೋಡಿದ. ಅಷ್ಟರಲ್ಲಿ ಚಿಂಗ್-ಲಿಂಗ್ ಎಚ್ಚರ ತಪ್ಪಿ ಬಿದ್ದರು. ಮಾರನೆಯ ದಿನ ಹಳ್ಳಿಯ ಮುದುಕಿಯ ವೇಷ ಹಾಕಿ, ಬುಟ್ಟಿಯಲ್ಲಿ ತರಕಾರಿ ಹೊತ್ತು ಊರೊಳಗೆ ನಡೆದುಬಂದರು.

ಆಗ ಅವರು ಗರ್ಭಿಣಿ. ಆ ಓಟದಲ್ಲಿ ಗರ್ಭ ಹೋಯಿತು. ಮತ್ತೆ ಅವರಿಗೆ ಮಕ್ಕಳಾಗಲಿಲ್ಲ.

ಇದಾಗಿ ಮೂರು ವರ್ಷ ತುಂಬುವ ಮೊದಲೇ, 1925ರ ಮಾರ್ಚ್ 12ರಂದು, ಸನ್ ಬೀಜಿಂಗ್‌ನಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಉಯಿಲಿನಲ್ಲಿ ಹೆಂಡತಿಗೆ ಬಿಟ್ಟದ್ದು ಪುಸ್ತಕ, ಬಟ್ಟೆ, ಶಾಂಘೈಯ ಒಂದು ಮನೆ. ದೇಶದ ಕೆಲಸದಲ್ಲಿ ಬೇರೇನೂ ಕೂಡಿಡಲಿಲ್ಲ ಅಂತ ಅದರಲ್ಲೇ ಬರೆದಿದ್ದರು. ಅವರ ಹೆಸರು ಮಾತ್ರ ಎಲ್ಲರ ಆಸ್ತಿಯಾಯಿತು. ಸನ್ ಕಟ್ಟಿದ ಕುಮಿಂಟಾಂಗ್ ಪಕ್ಷದ ಎಡದವರು, ಬಲದವರು, ಕಮ್ಯುನಿಸ್ಟರು, ಎಲ್ಲರೂ ನಾವೇ ಸನ್ ಅವರ ವಾರಸುದಾರರು ಅನ್ನತೊಡಗಿದರು. ಆಗ ಚಿಂಗ್-ಲಿಂಗ್‌ಗೆ 32 ವರ್ಷ.

ಈಗ ನಿಮ್ಮ ಪ್ರಶ್ನೆಯ ನಟ್ಟನಡುವಿಗೆ ಬರೋಣ. 1926ರಲ್ಲಿ ಪಕ್ಷದ ಕೇಂದ್ರ ಸಮಿತಿಗೆ ಅವರನ್ನು ಆರಿಸಿದರು. ವರ್ಷದ ಕೊನೆಗೆ ಎಡಪಂಥೀಯರ ಸರ್ಕಾರ ವುಹಾನ್‌ಗೆ ಹೋದಾಗ ಅವರೂ ಹೋದರು. ಅಲ್ಲಿ ಹೆಣ್ಣುಮಕ್ಕಳಿಗೆ ರಾಜಕೀಯ ತರಬೇತಿ ಕೊಡುವ ಶಾಲೆ ಶುರು ಮಾಡಿದರು. 1927ರ ಏಪ್ರಿಲ್ 12ರಂದು ಶಾಂಘೈಯಲ್ಲಿ ಪಕ್ಷದ ಸೇನಾನಾಯಕ ಚಿಯಾಂಗ್ ಕೈ-ಶೆಕ್ ರೌಡಿ ಪಡೆಗಳನ್ನು ಜೊತೆಗೆ ಸೇರಿಸಿಕೊಂಡು ಕಮ್ಯುನಿಸ್ಟರನ್ನೂ ಕಾರ್ಮಿಕರನ್ನೂ ಕೊಲ್ಲಿಸಿದರು. ಜುಲೈ ಹೊತ್ತಿಗೆ ವುಹಾನ್ ಸರ್ಕಾರವೂ ಅದೇ ದಾರಿಗೆ ಹೊರಳುವ ಸೂಚನೆ ಕಂಡಿತು. ಮನೆಯವರೆಲ್ಲ ಚಿಯಾಂಗ್ ಕಡೆ ವಾಲಿದ್ದರು. ತಮ್ಮ ಟಿ.ವಿ. ಸೂಂಗ್ ವುಹಾನ್‌ಗೇ ಬಂದು ಅಕ್ಕನ ಮನಸ್ಸು ತಿರುಗಿಸಲು ನೋಡಿದರು.

ಜುಲೈ 14ರಂದು ಚಿಂಗ್-ಲಿಂಗ್ ಒಂದು ಹೇಳಿಕೆ ಹೊರಡಿಸಿದರು. ಅವರ ಇಡೀ ಬದುಕಿನಲ್ಲಿ ಒಂದೇ ಕಾಗದ ಉಳಿಸಿಕೊಳ್ಳಿ ಅಂದರೆ ನಾನು ಇದನ್ನೇ ಆರಿಸುತ್ತೇನೆ. ಸಮಾಜ ಬುಡದಿಂದ ಬದಲಾಗದಿದ್ದರೆ ಅದು ಕ್ರಾಂತಿಯಲ್ಲ, ಬರೀ ಸರ್ಕಾರ ಬದಲಾದಂತೆ ಅಂತ ಅದರಲ್ಲಿ ನೇರವಾಗಿ ಹೇಳಿದರು. ರೈತ, ಕಾರ್ಮಿಕರನ್ನು ಬಿಟ್ಟರೆ ಪಕ್ಷಕ್ಕೆ ಅರ್ಥವೇ ಇಲ್ಲ ಅಂದರು. ಅದಕ್ಕೆ ಅವರು ಕೊಟ್ಟ ಆಧಾರ ನೋಡಿ. ಸಿದ್ಧಾಂತದ ಪುಸ್ತಕದಿಂದ ಉದಾಹರಿಸಲಿಲ್ಲ. ಗಂಡ ತನಗೆ ಹೇಳಿದ್ದ ಬಾಲ್ಯದ ಮಾತನ್ನು ಬರೆದರು. ಹದಿನೈದು ವರ್ಷದವರೆಗೆ ಸನ್ ಕಾಲಿಗೆ ಚಪ್ಪಲಿ, ಬೂಟು ಏನೂ ಇರಲಿಲ್ಲ. ಅದೂ ಬರಿಗಾಲಲ್ಲಿ ಓಡಾಡುವುದು ಸುಲಭವಲ್ಲದ ಗುಡ್ಡಗಾಡಿನಲ್ಲಿ. ಅಕ್ಕಿ ದುಬಾರಿ ಅಂತ ಮನೆಯಲ್ಲಿ ಗೆಣಸೇ ಊಟ. ಚೀನಾದ ರೈತನ ಮಕ್ಕಳಿಗೆ ಕಾಲಿಗೆ ಪಾದರಕ್ಷೆ, ಹೊಟ್ಟೆಗೆ ಅನ್ನ ಸಿಗಲೇಬೇಕು ಅಂತ ಆ ಹುಡುಗ ಅಂದೇ ತೀರ್ಮಾನ ಮಾಡಿದ್ದ. ನೀವು ಈಗ ಕೈಬಿಡುತ್ತಿರುವುದು ಇದನ್ನೇ ಅಂತ ಪಕ್ಷದ ದೊಡ್ಡವರ ಮುಖಕ್ಕೆ ಹೇಳಿದರು.

ಅದನ್ನು ಹೇಳಲು ಅವರಿಗೆ ಮಾತ್ರ ಸಾಧ್ಯವಿತ್ತು. ಹೆಂಡತಿಗಷ್ಟೇ ಗೊತ್ತಿರುವ ಸಂಗತಿಯನ್ನು ರಾಜಕೀಯದ ವಾದವಾಗಿ ಮಂಡಿಸಿದ್ದು ನಾಯಕಿಯ ಕೆಲಸ. "ಹೆಂಡತಿ ಅಷ್ಟೇ" ಅನ್ನುವವರಿಗೆ ನಿಮ್ಮ ಮಗಳು ಈ ಹೇಳಿಕೆಯನ್ನು ತೋರಿಸಲಿ.

ಆಗಸ್ಟ್‌ನಲ್ಲಿ ಅವರು ಗುಟ್ಟಾಗಿ ಶಾಂಘೈ ಬಿಟ್ಟು, ರಷ್ಯಾದ ಹಡಗು ಹತ್ತಿ, ವ್ಲಾಡಿವೋಸ್ಟಾಕ್ ಮೂಲಕ ಮಾಸ್ಕೋ ಸೇರಿದರು. ಅಲ್ಲಿದ್ದಾಗ ಎರಡು ಸುದ್ದಿ ಬಂದವು. ಒಂದು, ಅವರೇ ಮತ್ತೆ ಮದುವೆಯಾಗುತ್ತಿದ್ದಾರೆ ಅಂತ ಅಮೆರಿಕದ ಪತ್ರಿಕೆಯಲ್ಲಿ ಬಂದ ಸುಳ್ಳು ಸುದ್ದಿ. ಅದರಿಂದ ಅವರು ಕಾಯಿಲೆ ಬಿದ್ದರು. ಇನ್ನೊಂದು ನಿಜದ್ದು: ಡಿಸೆಂಬರ್ 1ರಂದು ತಂಗಿ ಮೇ-ಲಿಂಗ್ ಚಿಯಾಂಗ್ ಅವರನ್ನು ಮದುವೆಯಾದರು. ಚಿಂಗ್-ಲಿಂಗ್ ಜವಾಹರಲಾಲ್ ನೆಹರೂ ಅವರನ್ನು ಮೊದಲು ಭೇಟಿಯಾದದ್ದೂ ಇದೇ ಸಮಯದಲ್ಲಿ, ರಷ್ಯಾ ಕ್ರಾಂತಿಯ ಹತ್ತನೇ ವರ್ಷದ ಸಮಾರಂಭಕ್ಕೆ ನೆಹರೂ ಮಾಸ್ಕೋಗೆ ಬಂದಾಗ. ಆಮೇಲಿನ ದಿನಗಳನ್ನು ಚಿಂಗ್-ಲಿಂಗ್ ಹೆಚ್ಚಾಗಿ ಬರ್ಲಿನ್‌ನಲ್ಲಿ ಕಳೆದರು.

1929ರಲ್ಲಿ ಸನ್ ಅವರ ದೇಹವನ್ನು ಆಗಿನ ರಾಜಧಾನಿ ನಾನ್‌ಜಿಂಗ್‌ನ ನೇರಳೆ ಬೆಟ್ಟದ ಮೇಲೆ ಕಟ್ಟಿದ ಭಾರೀ ಸಮಾಧಿಗೆ ತರುವುದು ಅಂತ ಚಿಯಾಂಗ್ ಸರ್ಕಾರ ನಿರ್ಧರಿಸಿತು. ಹೆಂಡತಿ ಬರದೆ ಇರಲು ಆಗುತ್ತದೆಯೇ? ಬಂದರು. ಆದರೆ ನಾನು ಬಂದದ್ದು ಗಂಡನ ಅಂತ್ಯಕ್ರಿಯೆಗೆ, ಈ ಸರ್ಕಾರವನ್ನು ಒಪ್ಪಿದ್ದೇನೆ ಅಂತ ಯಾರೂ ತಿಳಿಯಬೇಡಿ ಅಂತ ಮೊದಲೇ ಪ್ರಕಟಿಸಿ ಬಂದರು. ಜೂನ್ 1ರಂದು ಸಮಾರಂಭ ಮುಗಿಯಿತು. ಅವರು ನಾನ್‌ಜಿಂಗ್‌ನಲ್ಲಿ ಉಳಿಯಲಿಲ್ಲ. ಆಗಸ್ಟ್ 1ಕ್ಕೆ ಬರ್ಲಿನ್‌ನ ಸಾಮ್ರಾಜ್ಯಶಾಹಿ ವಿರೋಧಿ ಸಂಘಕ್ಕೆ ತಂತಿ ಕಳಿಸಿ ನಾನ್‌ಜಿಂಗ್ ಸರ್ಕಾರವನ್ನು ಖಂಡಿಸಿದರು.

ಹತ್ತು ದಿನದಲ್ಲೇ ಪಕ್ಷದ ಹಿರಿಯ ದೈ ಜಿತಾವೋ ಅವರ ಮನೆಗೆ ಬಂದರು. ಅವರು ಸನ್ ಅವರ ಹಳೆಯ ಒಡನಾಡಿ. ನಾನ್‌ಜಿಂಗ್‌ಗೆ ಬಂದಿರಿ, ನಿಮ್ಮ ಮನೆಯವರೆಲ್ಲ ಅಲ್ಲೇ ಇದ್ದಾರಲ್ಲ ಅಂತ ಮೆತ್ತಗೆ ಶುರು ಮಾಡಿದರು. ಆಮೇಲೆ ಆ ತಂತಿಯ ವಿಷಯ ತೆಗೆದು, ಅದನ್ನು ನಿಮ್ಮಿಂದ ಬೇರೆಯವರು ಬರೆಸಿದ್ದಾರೆ ಅನ್ನುವ ಧಾಟಿಯಲ್ಲಿ ಮಾತಾಡಿದರು. ಚಿಂಗ್-ಲಿಂಗ್ ಆ ಮಾತುಕತೆಯನ್ನು ಬರೆದಿಟ್ಟು ಪ್ರಕಟಿಸಿಬಿಟ್ಟರು. ನನ್ನ ಬಾಯಿ ಮುಚ್ಚಿಸಬೇಕಾದರೆ ಗುಂಡು ಹೊಡೆಯಿರಿ, ಇಲ್ಲವೇ ಜೈಲಿಗೆ ಹಾಕಿ, ಬೇರೆ ದಾರಿ ಇಲ್ಲ ಅನ್ನುವ ಮಾತು ಅದರಲ್ಲೇ ಬರುತ್ತದೆ.

ಇಲ್ಲಿ ಒಂದು ವಿಷಯ ಮುಚ್ಚಿಡಬಾರದು. ಅವರ ಬಾಯಿ ಮುಚ್ಚಿಸಲು ಗುಂಡು ಹೊಡೆಯುವುದು ಸುಲಭವಿರಲಿಲ್ಲ. ಅವರು ರಾಷ್ಟ್ರಪಿತನ ವಿಧವೆ, ಚಿಯಾಂಗ್‌ಗೆ ಅತ್ತಿಗೆ. ಆ ರಕ್ಷಣೆ ಬೇರೆ ಹೆಂಗಸರಿಗೆ ಇರಲಿಲ್ಲ. ಕಮ್ಯುನಿಸ್ಟ್ ಪಕ್ಷದಲ್ಲಿ ಮಹಿಳೆಯರ ಸಂಘಟನೆ ಕಟ್ಟಿದ ಶಿಯಾಂಗ್ ಜಿಂಗ್‌ಯು ಅವರನ್ನು 1928ರ ಮೇ 1ರಂದು ವುಹಾನ್‌ನಲ್ಲಿ ಕೊಂದರು. ಅವರಿಗೆ ಆಗ 32 ವರ್ಷ. ಚಿಂಗ್-ಲಿಂಗ್ ಧೈರ್ಯವನ್ನು ಹೊಗಳುವಾಗ ಶಿಯಾಂಗ್ ಅಂಥವರನ್ನೂ ನಿಮ್ಮ ಮಗಳು ಒಂದು ಪ್ಯಾರಾದಲ್ಲಾದರೂ ನೆನೆಯಲಿ. ಚಿಂಗ್-ಲಿಂಗ್‌ಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತಿತ್ತು. ತನಗೆ ಸಿಕ್ಕ ರಕ್ಷಣೆಯ ನೆರಳಿಗೆ ಬೇರೆಯವರನ್ನು ಎಳೆದುಕೊಳ್ಳುವುದೇ ಮುಂದಿನ ಹತ್ತು ವರ್ಷ ಅವರ ಕೆಲಸವಾಯಿತು.

ಎಲ್ಲ ಸಲವೂ ಅದು ಆಗಲಿಲ್ಲ. ಗೆಳೆಯ ಡೆಂಗ್ ಯಾಂಡಾ ಕುಮಿಂಟಾಂಗ್ ಎಡಪಂಥದ ದೊಡ್ಡ ನಾಯಕ. 1931ರ ನವೆಂಬರ್‌ನಲ್ಲಿ ಅವರನ್ನು ನಾನ್‌ಜಿಂಗ್‌ನಲ್ಲಿ ಗುಟ್ಟಾಗಿ ಕೊಂದರು. ಡಿಸೆಂಬರ್ 19ರಂದು ಚಿಂಗ್-ಲಿಂಗ್ ಮತ್ತೊಂದು ಹೇಳಿಕೆ ಕೊಟ್ಟರು. ಕುಮಿಂಟಾಂಗ್ ಒಂದು ರಾಜಕೀಯ ಶಕ್ತಿಯಾಗಿ ಇನ್ನಿಲ್ಲ, ಅದನ್ನು ಮುಗಿಸಿದ್ದು ಹೊರಗಿನ ಶತ್ರುಗಳಲ್ಲ, ಒಳಗಿನ ನಾಯಕರೇ ಅಂದರು. ಅದಾದ ಮೇಲೆ ಚಿಯಾಂಗ್ ಜೊತೆ ರಾಜಿಯ ಮಾತೇ ಉಳಿಯಲಿಲ್ಲ.

1932ರ ಡಿಸೆಂಬರ್‌ನಲ್ಲಿ ಶಾಂಘೈಯಲ್ಲಿ ಚೀನಾ ನಾಗರಿಕ ಹಕ್ಕುಗಳ ಸಂಘ ಹುಟ್ಟಿತು. ಅಧ್ಯಕ್ಷೆ ಚಿಂಗ್-ಲಿಂಗ್. ಜೊತೆಗೆ ಶಿಕ್ಷಣ ತಜ್ಞ ಸಾಯ್ ಯುವಾನ್‌ಪೇ, ವಿದ್ವಾಂಸ ಯಾಂಗ್ ಶಿಂಗ್‌ಫೊ, ಲೇಖಕ ಲು ಶುನ್, ಅಮೆರಿಕದ ಪತ್ರಕರ್ತೆ ಆಗ್ನೆಸ್ ಸ್ಮೆಡ್ಲಿ. ರಾಜಕೀಯ ಕೈದಿಗಳ ಬಿಡುಗಡೆ, ಅವರಿಗೆ ವಕೀಲರ ನೆರವು, ಪತ್ರಿಕೆ ಮತ್ತು ಸಭೆಗೆ ಸ್ವಾತಂತ್ರ್ಯ, ಇವು ಸಂಘದ ಬೇಡಿಕೆಗಳು. ಸಂಘದ ಬೀಜಿಂಗ್ ಶಾಖೆಯ ಅಧ್ಯಕ್ಷರಾಗಿದ್ದ ಪ್ರಸಿದ್ಧ ಚಿಂತಕ ಹು ಶಿ, ಎಲ್ಲ ರಾಜಕೀಯ ಕೈದಿಗಳನ್ನೂ ಷರತ್ತಿಲ್ಲದೆ ಬಿಡಿ ಅನ್ನುವುದನ್ನು ಒಪ್ಪಲಿಲ್ಲ. ಸರ್ಕಾರಕ್ಕೆ ತನ್ನನ್ನು ಉಳಿಸಿಕೊಳ್ಳುವ ಹಕ್ಕಿದೆ ಅನ್ನುವುದು ಅವರ ವಾದ. 1933ರ ಮಾರ್ಚ್‌ನಲ್ಲಿ ಸಂಘ ಅವರನ್ನು ಹೊರಗೆ ಹಾಕಿತು. ಇದರಲ್ಲಿ ಯಾರು ಸರಿ ಅಂತ ಇಂದಿಗೂ ವಾದ ಮಾಡಬಹುದು. ನನಗನ್ನಿಸುವುದು, ಕೈದಿಗಳು ಸಾಯುತ್ತಿದ್ದ ಆ ಕಾಲದಲ್ಲಿ ಚಿಂಗ್-ಲಿಂಗ್ ನಿಲುವೇ ಹೆಚ್ಚು ಮನುಷ್ಯತ್ವದ್ದು. ಆದರೆ ಭಿನ್ನಮತವನ್ನು ಸಹಿಸುವುದರಲ್ಲಿ ಸಂಘವೂ ಬಿಗಿಯಾಗಿತ್ತು ಅನ್ನುವುದೂ ನಿಜ.

ಅದೇ ವರ್ಷ ಮೇ ತಿಂಗಳಲ್ಲಿ ಅವರು ಶಾಂಘೈಯ ಜರ್ಮನ್ ಕಾನ್ಸುಲ್ ಕಚೇರಿಗೆ ನಡೆದುಹೋಗಿ, ಹಿಟ್ಲರ್ ಸರ್ಕಾರದ ದೌರ್ಜನ್ಯವನ್ನು ಖಂಡಿಸಿ ಮನವಿ ಕೊಟ್ಟು ಬಂದರು. ಹಿಟ್ಲರ್ ಅಧಿಕಾರಕ್ಕೆ ಬಂದು ಇನ್ನೂ ನಾಲ್ಕು ತಿಂಗಳೂ ಆಗಿರಲಿಲ್ಲ. ಜಗತ್ತಿನ ಎಷ್ಟೋ ದೊಡ್ಡ ದೊಡ್ಡ ನಾಯಕರು ಆಗ ಬಾಯಿ ಬಿಟ್ಟಿರಲಿಲ್ಲ.

ಜೂನ್ 18ರಂದು ಸಂಘದ ಕಾರ್ಯದರ್ಶಿ ಯಾಂಗ್ ಶಿಂಗ್‌ಫೊ ಅವರನ್ನು ಹಾಡುಹಗಲೇ ಗುಂಡಿಟ್ಟು ಕೊಂದರು. ಕಾರಿನಲ್ಲಿ ಜೊತೆಗೆ ಮಗ ಇದ್ದ. ಅವನು ಉಳಿದುಕೊಂಡ. ಸಂಘ ಅಲ್ಲಿಗೆ ಮುರಿದುಬಿತ್ತು. ಅಧ್ಯಕ್ಷೆಯನ್ನು ಮುಟ್ಟಲಾಗದೆ ಕಾರ್ಯದರ್ಶಿಯನ್ನು ಕೊಂದರು ಅಂತಲೇ ಆಗ ಎಲ್ಲರೂ ಅರ್ಥ ಮಾಡಿಕೊಂಡರು.

ಇದಾದ ಮೇಲೆ ಬೇರೆ ಯಾರಾದರೂ ಆಗಿದ್ದರೆ ಮನೆ ಸೇರುತ್ತಿದ್ದರು. ಚಿಂಗ್-ಲಿಂಗ್ ಸೇರಲಿಲ್ಲ. ಜಪಾನ್ ವಿರುದ್ಧ ಒಟ್ಟಾಗಿ ಹೋರಾಡಿ ಅಂತ ಕೇಳಿದ ಏಳು ಜನ ಗಣ್ಯರನ್ನು 1936ರ ನವೆಂಬರ್‌ನಲ್ಲಿ ಸರ್ಕಾರ ಬಂಧಿಸಿತು. ಅವರಲ್ಲಿ ಒಬ್ಬರು ಶಿ ಲಿಯಾಂಗ್ ಅನ್ನುವ ವಕೀಲೆ. ದೇಶವನ್ನು ಪ್ರೀತಿಸುವುದು ಅಪರಾಧವಾದರೆ ನಾವೂ ಅಪರಾಧಿಗಳು, ನಮ್ಮನ್ನೂ ಒಳಗೆ ಹಾಕಿ ಅಂತ ಚಿಂಗ್-ಲಿಂಗ್ ಮತ್ತು ಜೊತೆಗಾರರು 1937ರ ಜುಲೈನಲ್ಲಿ ರೈಲು ಹತ್ತಿ ಸುಝೌ ನ್ಯಾಯಾಲಯಕ್ಕೇ ಹೋದರು. ರಾಷ್ಟ್ರಪಿತನ ವಿಧವೆಯನ್ನು ಜೈಲಿಗೆ ಹಾಕುವ ಧೈರ್ಯ ಯಾವ ನ್ಯಾಯಾಧೀಶರಿಗೆ ಇದೆ? ಜುಲೈ 31ರಂದು ಏಳೂ ಜನ ಹೊರಗೆ ಬಂದರು. ಅಷ್ಟರಲ್ಲಿ ಜಪಾನ್ ಜೊತೆ ಯುದ್ಧ ಶುರುವಾಗಿತ್ತು. ಬಿಡುಗಡೆಗೆ ಅದೇ ದೊಡ್ಡ ಕಾರಣ ಅನ್ನಬೇಕು.

ಯುದ್ಧದ ವರ್ಷಗಳಲ್ಲಿ ಅವರ ಕೆಲಸದ ರೀತಿಯೇ ಬದಲಾಯಿತು. 1938ರ ಜೂನ್‌ನಲ್ಲಿ ಹಾಂಗ್‌ಕಾಂಗ್‌ನಲ್ಲಿ ಚೀನಾ ರಕ್ಷಣಾ ಸಂಘ ಕಟ್ಟಿದರು. ಹೊರದೇಶಗಳಿಂದ ದುಡ್ಡು, ಔಷಧಿ, ವೈದ್ಯರನ್ನು ತರಿಸಿ ಯುದ್ಧಭೂಮಿಗೆ ಮುಟ್ಟಿಸುವುದು ಇದರ ಕೆಲಸ. ಚಿಯಾಂಗ್ ಸರ್ಕಾರ ಸುತ್ತುಗಟ್ಟಿದ್ದ ಕಮ್ಯುನಿಸ್ಟ್ ಪ್ರದೇಶಗಳಿಗೂ ಸಾಮಾನು ಹೋಗುವಂತೆ ನೋಡಿಕೊಂಡರು. 1941ರಲ್ಲಿ ಹಾಂಗ್‌ಕಾಂಗ್‌ನಲ್ಲಿ "ಒಂದು ಬಟ್ಟಲು ಅನ್ನ" ಅನ್ನುವ ಅಭಿಯಾನ ನಡೆಸಿದರು. ಜನ ಊಟದ ಚೀಟಿ ಕೊಂಡು ಹೋಟೆಲಿಗೆ ಹೋಗುವುದು, ಭರ್ಜರಿ ಊಟದ ಬದಲು ಒಂದು ಬಟ್ಟಲು ಹುರಿದ ಅನ್ನ ತಿಂದು ಬರುವುದು, ಉಳಿದ ದುಡ್ಡು ಪರಿಹಾರಕ್ಕೆ. ಭಾಷಣ, ಹೇಳಿಕೆಗಳಲ್ಲಿ ಬೆಂಕಿಯಂತಿದ್ದ ಹೆಂಗಸು ಇಲ್ಲಿ ರಸೀದಿ, ಪೆಟ್ಟಿಗೆ, ಲಾರಿಗಳ ಲೆಕ್ಕ ಬರೆಯುತ್ತಾ ಕೂತರು. ನನಗೆ ಈ ಭಾಗ ತುಂಬಾ ಇಷ್ಟ.

ಭಾರತದ ನಂಟು ಬರುವುದು ಇಲ್ಲೇ. 1938ರಲ್ಲಿ ಭಾರತೀಯ ರಾಷ್ಟ್ರೀಯ ಕಾಂಗ್ರೆಸ್ ಐದು ಜನ ವೈದ್ಯರನ್ನು ಚೀನಾಕ್ಕೆ ಕಳಿಸಿತು. ಸೆಪ್ಟೆಂಬರ್‌ನಲ್ಲಿ ಗ್ವಾಂಗ್‌ಝೌಗೆ ಬಂದಿಳಿದ ಅವರನ್ನು ಸ್ವಾಗತಿಸಿದವರಲ್ಲಿ ಚಿಂಗ್-ಲಿಂಗ್ ಇದ್ದರು. ಐವರಲ್ಲಿ ಒಬ್ಬರು ಸೊಲ್ಲಾಪುರದ ಡಾ. ದ್ವಾರಕಾನಾಥ ಕೊಟ್ನಿಸ್. ಕನ್ನಡದವರು ಬಹಳ ಇರುವ ಆ ಊರಿನ ಮಗ 1942ರ ಡಿಸೆಂಬರ್ 9ರಂದು, 32ನೇ ವಯಸ್ಸಿಗೆ, ಉತ್ತರ ಚೀನಾದ ಯುದ್ಧಭೂಮಿಯಲ್ಲಿ ತೀರಿಕೊಂಡರು. ಈತನ ನೆನಪು ಎರಡು ದೇಶಗಳಿಗೆ ಮಾತ್ರ ಸೇರಿದ್ದಲ್ಲ, ಸ್ವಾತಂತ್ರ್ಯಕ್ಕಾಗಿ ಹೋರಾಡಿದ ಎಲ್ಲರ ಸಾಲಿಗೆ ಸೇರಿದ್ದು ಅನ್ನುವ ಅರ್ಥದಲ್ಲಿ ಚಿಂಗ್-ಲಿಂಗ್ ಬರೆದರು. 1955ರ ಡಿಸೆಂಬರ್‌ನಲ್ಲಿ ಅವರು ಭಾರತಕ್ಕೂ ಬಂದರು. ಆಗ ಪ್ರಧಾನಿಯಾಗಿದ್ದವರು ಮಾಸ್ಕೋದ ಹಳೆಯ ಪರಿಚಯದ ನೆಹರೂ.

ಯುದ್ಧ ಮುಗಿದ ಮೇಲೆ ಶಾಂಘೈಗೆ ಮರಳಿ, ಬಡ ಮಕ್ಕಳಿಗೆ ಓದುವ ಕೋಣೆ, ಚಿಕಿತ್ಸೆ, ಅಕ್ಷರ ಕಲಿಸುವ ಕೇಂದ್ರಗಳನ್ನು ತೆರೆದರು. ಓದು ಬರುವ ಮಕ್ಕಳೇ ಬಾರದ ಮಕ್ಕಳಿಗೆ ಕಲಿಸುವ ವ್ಯವಸ್ಥೆ ಅಲ್ಲಿತ್ತು. 1947ರಲ್ಲಿ ಮಕ್ಕಳಿಗಾಗಿ ಒಂದು ನಾಟಕ ತಂಡವನ್ನೂ ಕಟ್ಟಿದರು.

1949ರಲ್ಲಿ ಕಮ್ಯುನಿಸ್ಟರು ಗೆದ್ದರು. ಚಿಯಾಂಗ್ ಮತ್ತು ಮೇ-ಲಿಂಗ್ ತೈವಾನ್ ಪಾಲಾದರು. ಅಕ್ಕ, ತಮ್ಮಂದಿರು ಅಮೆರಿಕದಲ್ಲಿ. ಇಡೀ ಕುಟುಂಬದಲ್ಲಿ ಇವರೊಬ್ಬರು ಚೀನಾದಲ್ಲಿ ಉಳಿದರು. ಕಮ್ಯುನಿಸ್ಟ್ ನಾಯಕರಾದ ಮಾವೋ ಮತ್ತು ಚೌ ಎನ್-ಲೈ ಬರೆದ ಕಾಗದ ಹಿಡಿದು ಚೌ ಅವರ ಪತ್ನಿ ಡೆಂಗ್ ಯಿಂಗ್‌ಚಾವೋ ಶಾಂಘೈಗೆ ಬಂದು ಕರೆದರು. ಡೆಂಗ್ ಕೂಡ ಆ ತಲೆಮಾರಿನ ದೊಡ್ಡ ನಾಯಕಿ. ಆಗಸ್ಟ್ ಕೊನೆಗೆ ಚಿಂಗ್-ಲಿಂಗ್ ಬೀಜಿಂಗ್‌ಗೆ ಹೋದರು. ಹೊಸ ಸರ್ಕಾರದ ಆರು ಜನ ಉಪಾಧ್ಯಕ್ಷರಲ್ಲಿ ಒಬ್ಬರಾದರು. ಆ ಆರರಲ್ಲಿ ಹೆಂಗಸು ಅವರೊಬ್ಬರೇ. 1959ರಲ್ಲಿ ಗಣರಾಜ್ಯದ ಉಪಾಧ್ಯಕ್ಷೆಯೂ ಆದರು.

ಈಗ ನಿಮ್ಮ ಕಷ್ಟದ ಪ್ರಶ್ನೆ. ಯಾಕೆ ಸುಮ್ಮನಾದರು?

ಮೊದಲು ಅವರು ಮಾಡಿದ್ದನ್ನು ಹೇಳಿಬಿಡುತ್ತೇನೆ. 1951ರಲ್ಲಿ ಸ್ಟಾಲಿನ್ ಶಾಂತಿ ಪ್ರಶಸ್ತಿ ಬಂತು. ಆ ಹಣವನ್ನು ಶಾಂಘೈಯಲ್ಲಿ ತಾಯಿ-ಮಕ್ಕಳ ಆಸ್ಪತ್ರೆ ಕಟ್ಟಲು ಕೊಟ್ಟರು. ಅದು ಇಂದಿಗೂ ನಡೆಯುತ್ತಿದೆ. 1952ರಲ್ಲಿ ಹೊಸ ಚೀನಾದ ಬಗ್ಗೆ ಹೊರದೇಶದವರಿಗಾಗಿ ಇಂಗ್ಲಿಷ್ ಪತ್ರಿಕೆ ಶುರು ಮಾಡಿದರು. ತೊಡಕಿರುವುದು ಇದರಲ್ಲೇ. ದೇಶದ ಸಾಧನೆ ತೋರಿಸುವುದು ಆ ಪತ್ರಿಕೆಯ ಕೆಲಸ. 1959ರಿಂದ 1961ರವರೆಗೆ ಕೋಟಿಗಟ್ಟಲೆ ಜನ ಹಸಿವಿನಿಂದ ಸತ್ತರು. 1957ರಲ್ಲಿ ಬಾಯಿ ಬಿಟ್ಟ ಲಕ್ಷಾಂತರ ವಿದ್ಯಾವಂತರಿಗೆ ಬಲಪಂಥೀಯರು ಅಂತ ಹಣೆಪಟ್ಟಿ ಹಚ್ಚಿ ಶಿಕ್ಷೆ ಕೊಟ್ಟರು. 1927ರಲ್ಲಿ, 1931ರಲ್ಲಿ ಬಂದಂಥ ಹೇಳಿಕೆ ಈ ಸಲ ಚಿಂಗ್-ಲಿಂಗ್ ಕಡೆಯಿಂದ ಬರಲಿಲ್ಲ.

ಇದಕ್ಕೆ ಭಯವೊಂದೇ ಕಾರಣ ಅಂತ ನನಗೆ ಅನ್ನಿಸುವುದಿಲ್ಲ. ಮೊದಲ ಕಾರಣ ನಂಬಿಕೆ. ರೈತನ ಮಕ್ಕಳಿಗೆ ಪಾದರಕ್ಷೆ, ಅನ್ನ ಅಂತ 1927ರಲ್ಲಿ ಕೇಳಿದವರಿಗೆ, ಅದನ್ನು ಕೊಡುವವರು ಇವರೇ ಅಂತ ಮನಸಾರೆ ಅನ್ನಿಸಿತ್ತು. ಎರಡನೆಯದು, ಮಾತಾಡಲು ಜಾಗವೇ ಉಳಿದಿರಲಿಲ್ಲ. 1930ರ ದಶಕದ ಶಾಂಘೈಯಲ್ಲಿ ವಿದೇಶಿ ಹಿಡಿತದ ಬಡಾವಣೆಗಳಿದ್ದವು, ವಿದೇಶಿ ಪತ್ರಿಕೆಗಳಿದ್ದವು. ಚಿಯಾಂಗ್ ಕೈ ಅಲ್ಲಿಗೆ ಪೂರ್ತಿ ಎಟುಕುತ್ತಿರಲಿಲ್ಲ. ಸನ್ ಅವರ ಮನೆ ಇದ್ದದ್ದು ಕೂಡ ಫ್ರೆಂಚರ ಬಡಾವಣೆಯಲ್ಲಿ. 1949ರ ನಂತರ ಅಂಥ ಮೂಲೆ ದೇಶದಲ್ಲಿ ಒಂದೂ ಇರಲಿಲ್ಲ. ಮೂರನೆಯದನ್ನು ನಾನು ಹೆಚ್ಚು ಮುಖ್ಯ ಅಂದುಕೊಂಡಿದ್ದೇನೆ. ಯಾರಿಗೂ ಸುಲಭಕ್ಕೆ ಕೊಡದೆ ಕಾಪಾಡಿದ್ದ ಹೆಸರನ್ನು ಅವರು 1949ರಲ್ಲಿ ಕೊಟ್ಟುಬಿಟ್ಟಿದ್ದರು. ಕೊಟ್ಟ ಮೇಲೆ ಅದನ್ನು ವಾಪಸ್ ಕೇಳುವ 1927ರ ಧೈರ್ಯ ಮತ್ತೆ ಕಾಣಲಿಲ್ಲ. ಇದನ್ನು ನಾನು ಸಣ್ಣ ತಪ್ಪು ಅನ್ನಲಾರೆ. ದೇಶದ ಉಪಾಧ್ಯಕ್ಷೆ ಹಸಿವಿನ ಬಗ್ಗೆ ಬಹಿರಂಗವಾಗಿ ಮಾತಾಡದೇ ಇದ್ದದ್ದು ಅವರ ಬದುಕಿನ ಲೆಕ್ಕದಲ್ಲಿ ಬರಲೇಬೇಕು.

ಅವರು ಬಹಳ ಕಾಲ ಕಮ್ಯುನಿಸ್ಟ್ ಪಕ್ಷದ ಸದಸ್ಯೆ ಆಗಿರಲಿಲ್ಲ ಅನ್ನುವುದು ತುಂಬಾ ಜನಕ್ಕೆ ಗೊತ್ತಿಲ್ಲ. 1950ರ ದಶಕದಲ್ಲಿ ಸೇರಿಸಿಕೊಳ್ಳಿ ಅಂತ ಕೇಳಿದ್ದರು. ನೀವು ಹೊರಗಿದ್ದರೇ ಹೆಚ್ಚು ಅನುಕೂಲ ಅಂತ ಪಕ್ಷದ ಹಿರಿಯ ನಾಯಕ ಲಿಯು ಶಾವೋಚಿ ಹೇಳಿದರು ಎಂದು ಲಿಯು ಪತ್ನಿ ವಾಂಗ್ ಗ್ವಾಂಗ್‌ಮೇ ನೆನೆದಿದ್ದಾರೆ. ಆ ಹೆಸರು ಪಕ್ಷದ ಹೊರಗಿದ್ದರೇ ಪಕ್ಷಕ್ಕೆ ಲಾಭ. ಹಾಗಾಗಿ "ಬಳಸಿಕೊಂಡ ಹೆಸರು" ಅನ್ನುವ ನಿಮ್ಮ ಮಾತು 1949ರ ನಂತರಕ್ಕೆ ಬಹಳ ಮಟ್ಟಿಗೆ ಹೊಂದುತ್ತದೆ.

1966ರಲ್ಲಿ, ಹಳೆಯದನ್ನೆಲ್ಲ ಒಡೆಯಿರಿ ಅಂತ ಮಾವೋ ಯುವಜನರನ್ನು ಎಬ್ಬಿಸಿದ ಸಾಂಸ್ಕೃತಿಕ ಕ್ರಾಂತಿ ಶುರುವಾದಾಗ ಆ ಹೆಸರಿಗೂ ಏಟು ಬಿತ್ತು. ಶಾಂಘೈಯಲ್ಲಿದ್ದ ಅವರ ಅಪ್ಪ ಅಮ್ಮನ ಸಮಾಧಿಯನ್ನು ಕೆಂಪು ಕಾವಲು ಪಡೆಯ ಹುಡುಗರು ಒಡೆದುಹಾಕಿದರು. ಯಾರನ್ನು ಮುಟ್ಟಬಾರದು ಅಂತ ಆಗಸ್ಟ್ ಕೊನೆಗೆ ಚೌ ಎನ್-ಲೈ ಮಾಡಿದ ಪಟ್ಟಿಯಲ್ಲಿ ಮೊದಲ ಹೆಸರು ಚಿಂಗ್-ಲಿಂಗ್ ಅವರದು. ಸಮಾಧಿಯನ್ನು ಚೌ ಮತ್ತೆ ಕಟ್ಟಿಸಿದರು. ದೇಶದ ಅಧ್ಯಕ್ಷರಾಗಿದ್ದ ಲಿಯು ಶಾವೋಚಿಗೆ ಅಂಥ ರಕ್ಷಣೆ ಸಿಗಲಿಲ್ಲ. 1969ರಲ್ಲಿ ಅವರು ಬಂಧನದಲ್ಲೇ ಸತ್ತರು.

ಪಕ್ಷದ ಸದಸ್ಯತ್ವ ಸಿಕ್ಕಿದ್ದು 1981ರ ಮೇ 15ರಂದು, ಅವರು ಸಾವಿನ ಹಾಸಿಗೆಯಲ್ಲಿದ್ದಾಗ. ಮರುದಿನ ಗಣರಾಜ್ಯದ ಗೌರವಾಧ್ಯಕ್ಷೆ ಅನ್ನುವ ಪದವಿ ಕೊಟ್ಟರು. ಮೇ 29ರಂದು ಬೀಜಿಂಗ್‌ನಲ್ಲಿ ತೀರಿಕೊಂಡರು. ತಂಗಿ ಮೇ-ಲಿಂಗ್ ಬರಲಿಲ್ಲ. ನಾನ್‌ಜಿಂಗ್‌ನ ಬೆಟ್ಟದ ಮೇಲೆ ಸನ್ ಪಕ್ಕದಲ್ಲಿ ಮಲಗುವ ಅವಕಾಶ ಇದ್ದರೂ ಚಿಂಗ್-ಲಿಂಗ್ ಅದನ್ನು ಬಯಸಲಿಲ್ಲ. ಅವರ ಸಮಾಧಿ ಶಾಂಘೈಯಲ್ಲಿ, ಅಪ್ಪ ಅಮ್ಮನ ಹತ್ತಿರ ಇದೆ. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಜೊತೆಗಿದ್ದ ಕೆಲಸದಾಕೆ ಲಿ ಯಾನ್-ಅ ಅದೇ ವರ್ಷ ಫೆಬ್ರವರಿಯಲ್ಲಿ ತೀರಿಕೊಂಡಿದ್ದರು. ಹೆತ್ತವರ ಸಮಾಧಿಯ ಒಂದು ಬದಿಗೆ ಚಿಂಗ್-ಲಿಂಗ್, ಇನ್ನೊಂದು ಬದಿಗೆ ಲಿ. ಇದು ಚಿಂಗ್-ಲಿಂಗ್ ತಾವೇ ಮೊದಲೇ ಹೇಳಿ ಮಾಡಿಸಿದ ವ್ಯವಸ್ಥೆ.

ಸೆಮಿನಾರ್‌ಗೆ ನನ್ನ ಸಲಹೆ ಇಷ್ಟು. ಹುಟ್ಟಿನಿಂದ ಸಾವಿನವರೆಗೆ ಎಲ್ಲವನ್ನೂ ಹೇಳಲು ಹೋದರೆ ಸಮಯ ಸಾಕಾಗುವುದಿಲ್ಲ. 1927ರ ಜುಲೈ 14ರ ಹೇಳಿಕೆ, 1929ರಲ್ಲಿ ದೈ ಜಿತಾವೋ ಜೊತೆಗಿನ ಮಾತುಕತೆ, 1931ರ ಡಿಸೆಂಬರ್ ಹೇಳಿಕೆ, ಈ ಮೂರನ್ನು ಒಂದು ಕಡೆ ಇಟ್ಟುಕೊಳ್ಳಲಿ. ಮೂರೂ ಇಂಗ್ಲಿಷ್‌ನಲ್ಲಿ ಸಿಗುತ್ತವೆ, ಉದ್ದವೇನಿಲ್ಲ. ಇನ್ನೊಂದು ಕಡೆ 1950ರ ದಶಕದ ಅವರ ಒಂದೆರಡು ಭಾಷಣ ಇಟ್ಟುಕೊಳ್ಳಲಿ. ಎರಡನ್ನೂ ಓದಿ, ಸರ್ಕಾರ ತಪ್ಪು ಮಾಡಿದರೆ ಏನು ಮಾಡಬೇಕು ಅಂತ ಎರಡು ಕಾಲದ ಚಿಂಗ್-ಲಿಂಗ್ ಏನು ಹೇಳುತ್ತಾರೆ ಅಂತ ಹುಡುಕಲಿ. ಸನ್ ಜೊತೆಗಿನ ಮದುವೆಗೆ ಒಂದು ಪ್ಯಾರಾ ಸಾಕು. ಮೂವರು ಅಕ್ಕತಂಗಿಯರ ಕಥೆಗೂ ಅಷ್ಟೇ. ಹೆಸರುಗಳ ಇಂಗ್ಲಿಷ್ ಕಾಗುಣಿತ ಹಳೆಯ ಪುಸ್ತಕಗಳಲ್ಲಿ ಒಂದು ಥರ, ಹೊಸದರಲ್ಲಿ ಇನ್ನೊಂದು ಥರ ಇರುತ್ತದೆ. ಯಾವುದನ್ನಾದರೂ ಬಳಸಲಿ, ಆದರೆ ಪೂರ್ತಿ ಒಂದನ್ನೇ ಬಳಸಲಿ.